ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ವೃತ್ತಿಪರ ಅರ್ಹತೆಗಳು (ಭಾರತ)

ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ವೃತ್ತಿಪರ ಅರ್ಹತೆಗಳು ಎಂದರೆ ಕಾರ್ಖಾನೆ, ನಿರ್ಮಾಣ ಸ್ಥಳ, ಗಣಿ ಮೊದಲಾದ ಕಾರ್ಯಸ್ಥಳಗಳಲ್ಲಿ ಅಪಘಾತ ಹಾಗೂ ಔದ್ಯೋಗಿಕ ಕಾಯಿಲೆಗಳನ್ನು ತಡೆಗಟ್ಟುವ ಹೊಣೆಯ ಹುದ್ದೆಗಳಿಗೆ ಬೇಕಾಗುವ ಪದವಿ, ಡಿಪ್ಲೊಮಾ ಮತ್ತು ಪ್ರಮಾಣಪತ್ರಗಳು. ಭಾರತದಲ್ಲಿ ಇವು ಎರಡು ಬಗೆಯವು. ಮೊದಲನೆಯದು ಕಾನೂನು ಕಡ್ಡಾಯಗೊಳಿಸಿರುವ ಶಾಸನಬದ್ಧ ಅರ್ಹತೆ. ರಾಜ್ಯ ಸರ್ಕಾರದಿಂದ ಮಾನ್ಯತೆ ಪಡೆದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾ ಇದಕ್ಕೆ ಮುಖ್ಯ ಉದಾಹರಣೆ. ಎರಡನೆಯದು ಉದ್ಯೋಗದಾತರು ತಮ್ಮ ಇಚ್ಛೆಯಿಂದ ಅಪೇಕ್ಷಿಸುವ ಐಚ್ಛಿಕ ಅರ್ಹತೆ. ಬ್ರಿಟನ್ನಿನ ನೆಬಾಷ್, ಅಮೆರಿಕದ ಸಿಎಸ್‌ಪಿ ಮೊದಲಾದ ಅಂತರರಾಷ್ಟ್ರೀಯ ಪ್ರಮಾಣಪತ್ರಗಳು ಈ ಗುಂಪಿಗೆ ಸೇರುತ್ತವೆ. ಒಂದು ಬಗೆಯ ಅರ್ಹತೆ ಇನ್ನೊಂದಕ್ಕೆ ಬದಲಿಯಾಗುವುದಿಲ್ಲ. ಆದ್ದರಿಂದ ಯಾವ ಪ್ರಮಾಣಪತ್ರ ಪಡೆಯಬೇಕೆಂಬ ಪ್ರಶ್ನೆಗೆ ಉತ್ತರವು ಅಭ್ಯರ್ಥಿಯ ಮೂಲ ಪದವಿ, ಅನುಭವ ಹಾಗೂ ಅವರು ಕೆಲಸ ಮಾಡಬಯಸುವ ಕ್ಷೇತ್ರ ಮತ್ತು ಸ್ಥಳಗಳನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರಲ್ಲಿ ಜಾರಿಗೆ ಬಂದಿತು. ಸ್ವಾತಂತ್ರ್ಯಾನಂತರ ರೂಪುಗೊಂಡ ಕಾರ್ಖಾನೆಗಳ ಕಾಯ್ದೆ, 1948, ಯಂತ್ರಗಳಿಗೆ ರಕ್ಷಾಕವಚ, ಬೆಳಕು, ಗಾಳಿ, ಕೆಲಸದ ಅವಧಿ ಮುಂತಾದವುಗಳ ಬಗ್ಗೆ ವಿವರವಾದ ನಿಯಮಗಳನ್ನು ವಿಧಿಸಿತು. ಆದರೆ ಸುರಕ್ಷತೆಗೆಂದೇ ಪ್ರತ್ಯೇಕ ಅಧಿಕಾರಿಯನ್ನು ನೇಮಿಸಬೇಕೆಂಬ ನಿಬಂಧನೆ ಆರಂಭದಲ್ಲಿ ಅದರಲ್ಲಿರಲಿಲ್ಲ. 1976ರ ತಿದ್ದುಪಡಿಯಲ್ಲಿ ಸೇರಿಸಲಾದ 40-ಬಿ ಪ್ರಕರಣವು ಈ ಹುದ್ದೆಗೆ ಕಾನೂನಿನ ಆಧಾರ ಒದಗಿಸಿತು. ಅದರಂತೆ ಸಾಮಾನ್ಯವಾಗಿ 1000 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಗಳಲ್ಲಿಯೂ, ಕಾರ್ಮಿಕರ ಸಂಖ್ಯೆ ಅದಕ್ಕಿಂತ ಕಡಿಮೆಯಿದ್ದರೂ ದೈಹಿಕ ಗಾಯ, ವಿಷಬಾಧೆ ಅಥವಾ ಕಾಯಿಲೆಯ ಅಪಾಯವಿದೆಯೆಂದು ರಾಜ್ಯ ಸರ್ಕಾರ ಅಭಿಪ್ರಾಯಪಟ್ಟ ಕಾರ್ಖಾನೆಗಳಲ್ಲಿಯೂ ಸುರಕ್ಷತಾ ಅಧಿಕಾರಿಗಳನ್ನು ನೇಮಿಸುವುದು ಕಡ್ಡಾಯವಾಯಿತು.

1984ರ ಡಿಸೆಂಬರ್ 2 ಮತ್ತು 3ರ ನಡುವಿನ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕೀಟನಾಶಕ ಕಾರ್ಖಾನೆಯಿಂದ ಮಿಥೈಲ್ ಐಸೊಸಯನೇಟ್ ಅನಿಲ ಸೋರಿ ಸಾವಿರಾರು ಜನರು ಮೃತಪಟ್ಟರು. ಈ ದುರಂತದ ನಂತರ 1987ರಲ್ಲಿ ಕಾಯ್ದೆಗೆ ಮತ್ತೊಮ್ಮೆ ತಿದ್ದುಪಡಿಯಾಗಿ, ಅಪಾಯಕಾರಿ ಪ್ರಕ್ರಿಯೆಗಳನ್ನು ಕುರಿತ 41-ಎಯಿಂದ 41-ಎಚ್‌ವರೆಗಿನ ಪ್ರಕರಣಗಳು ಸೇರ್ಪಡೆಯಾದವು. ಅಪಾಯಕಾರಿ ವಸ್ತುಗಳನ್ನು ನಿರ್ವಹಿಸುವ ಕೆಲಸದ ಮೇಲ್ವಿಚಾರಣೆಗೆ ಅರ್ಹತೆ ಹಾಗೂ ಅನುಭವವುಳ್ಳವರನ್ನೇ ನೇಮಿಸಬೇಕು, ಕಾರ್ಮಿಕರ ಆರೋಗ್ಯ ದಾಖಲೆಗಳನ್ನು ಇಡಬೇಕು, ಸುರಕ್ಷತಾ ಸಮಿತಿಯಲ್ಲಿ ಕಾರ್ಮಿಕರಿಗೂ ಆಡಳಿತ ವರ್ಗಕ್ಕೂ ಸಮಾನ ಪ್ರಾತಿನಿಧ್ಯವಿರಬೇಕು ಎಂಬ ನಿಬಂಧನೆಗಳು ಆಗ ಬಂದವು. ಸುರಕ್ಷತೆಯು ಪ್ರತ್ಯೇಕ ತರಬೇತಿಯನ್ನು ಬೇಡುವ ವೃತ್ತಿಯೆಂಬ ತಿಳಿವಳಿಕೆ ದೇಶದಲ್ಲಿ ಬಲಗೊಂಡದ್ದು ಈ ಅವಧಿಯಲ್ಲಿ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2022ರ ಜೂನ್‌ನಲ್ಲಿ ಸುರಕ್ಷಿತ ಹಾಗೂ ಆರೋಗ್ಯಕರ ಕಾರ್ಯಪರಿಸರವನ್ನು ಕೆಲಸದ ಮೂಲಭೂತ ತತ್ವಗಳು ಮತ್ತು ಹಕ್ಕುಗಳ ಸಾಲಿಗೆ ಸೇರಿಸಿತು.

ಸುರಕ್ಷತಾ ಅಧಿಕಾರಿಯ ಕರ್ತವ್ಯಗಳು

ಅರ್ಹತೆಯ ಸ್ವರೂಪವನ್ನು ತಿಳಿಯಲು ಹುದ್ದೆಯ ಸ್ವರೂಪವನ್ನು ತಿಳಿಯುವುದು ಅಗತ್ಯ. ಕಾರ್ಖಾನೆ ಆಡಳಿತಕ್ಕೆ ಸಲಹೆ ಹಾಗೂ ನೆರವು ನೀಡುವುದು ಸುರಕ್ಷತಾ ಅಧಿಕಾರಿಯ ಮುಖ್ಯ ಕೆಲಸ. ನಿಯಮಗಳಲ್ಲಿ ಸಾಮಾನ್ಯವಾಗಿ ಪಟ್ಟಿ ಮಾಡಿರುವ ಕರ್ತವ್ಯಗಳು ಇವು:

• ಗಾಯಗಳನ್ನು ತಡೆಗಟ್ಟುವ ಕ್ರಮಗಳನ್ನು ಯೋಜಿಸಲು ವಿವಿಧ ವಿಭಾಗಗಳಿಗೆ ನೆರವಾಗುವುದು ಮತ್ತು ಆ ಕ್ರಮಗಳ ಪರಿಣಾಮವನ್ನು ಪರಿಶೀಲಿಸುವುದು.
• ಹೆಲ್ಮೆಟ್, ಸುರಕ್ಷತಾ ಬೆಲ್ಟ್, ಉಸಿರಾಟದ ಮುಖವಾಡ ಮೊದಲಾದ ವೈಯಕ್ತಿಕ ರಕ್ಷಣಾ ಸಾಧನಗಳ ಗುಣಮಟ್ಟದ ಬಗ್ಗೆ ಖರೀದಿ ವಿಭಾಗಕ್ಕೆ ಸಲಹೆ ನೀಡುವುದು.
• ಕಾರ್ಯಸ್ಥಳವನ್ನು ತಪಾಸಣೆ ಮಾಡಿ ಅಸುರಕ್ಷಿತ ಸ್ಥಿತಿಗಳನ್ನು ಗುರುತಿಸುವುದು.
• ಅಪಘಾತಗಳು, ಅಪಾಯಕಾರಿ ಘಟನೆಗಳು ಹಾಗೂ ಔದ್ಯೋಗಿಕ ಕಾಯಿಲೆಯ ಪ್ರಕರಣಗಳನ್ನು ತನಿಖೆ ಮಾಡಿ ದಾಖಲೆಗಳನ್ನು ನಿರ್ವಹಿಸುವುದು.
• ಸುರಕ್ಷತಾ ಸಮಿತಿಗಳನ್ನು ರಚಿಸಲು ಉತ್ತೇಜಿಸುವುದು, ಕಾರ್ಮಿಕರಿಗೆ ತರಬೇತಿ ಏರ್ಪಡಿಸುವುದು.

ಸುರಕ್ಷತಾ ಅಧಿಕಾರಿಗೆ ತನ್ನ ಕರ್ತವ್ಯಕ್ಕೆ ಹೊಂದದ ಅಥವಾ ಅದಕ್ಕೆ ಅಡ್ಡಿಯಾಗುವ ಬೇರೆ ಕೆಲಸವನ್ನು ವಹಿಸುವಂತಿಲ್ಲ ಎಂದೂ ನಿಯಮಗಳು ಹೇಳುತ್ತವೆ. ಉತ್ಪಾದನೆಯ ಗುರಿ ಮತ್ತು ಸುರಕ್ಷತೆಯ ಅಗತ್ಯ ಪರಸ್ಪರ ಎದುರಾದಾಗ ಅಧಿಕಾರಿಯು ಎರಡೂ ಕಡೆ ನಿಲ್ಲಬೇಕಾದ ಪರಿಸ್ಥಿತಿ ಬರಬಾರದೆಂಬುದು ಇದರ ಉದ್ದೇಶ.

ಕಾರ್ಯಸ್ಥಳದ ಸುರಕ್ಷತೆಯ ಅಂತಿಮ ಹೊಣೆ ಈ ಅಧಿಕಾರಿಯದ್ದಲ್ಲ. 1987ರಲ್ಲಿ ಸೇರಿಸಲಾದ 7-ಎ ಪ್ರಕರಣವು ಎಲ್ಲ ಕಾರ್ಮಿಕರ ಆರೋಗ್ಯ, ಸುರಕ್ಷತೆ ಮತ್ತು ಕ್ಷೇಮವನ್ನು ಕಾಪಾಡುವ ಸಾಮಾನ್ಯ ಕರ್ತವ್ಯವನ್ನು ಕಾರ್ಖಾನೆಯ ಅಧಿಭೋಗದಾರನ ಮೇಲೆ, ಅಂದರೆ ಕಾರ್ಖಾನೆಯ ವ್ಯವಹಾರಗಳ ಮೇಲೆ ಅಂತಿಮ ನಿಯಂತ್ರಣ ಹೊಂದಿರುವವರ ಮೇಲೆ ಹೊರಿಸಿತು. ಸುರಕ್ಷತಾ ಅಧಿಕಾರಿಯನ್ನು ನೇಮಿಸಿದ ಮಾತ್ರಕ್ಕೆ ಮಾಲೀಕರ ಹೊಣೆ ಕಳೆಯುವುದಿಲ್ಲ.

ಶಾಸನಬದ್ಧ ಅರ್ಹತೆಗಳು

ಕಾರ್ಖಾನೆಗಳು

ಕಾರ್ಖಾನೆಗಳ ಕಾಯ್ದೆಯನ್ನು ಸಂಸತ್ತು ರೂಪಿಸಿದರೂ ಅದನ್ನು ಜಾರಿಗೊಳಿಸುವ ಮತ್ತು ಅದರಡಿ ನಿಯಮಗಳನ್ನು ರಚಿಸುವ ಅಧಿಕಾರ ರಾಜ್ಯಗಳಿಗೆ ಇತ್ತು. ಕರ್ನಾಟಕದಲ್ಲಿ ಕರ್ನಾಟಕ ಕಾರ್ಖಾನೆಗಳ ನಿಯಮಗಳು, 1969, ಈ ಕಾಯ್ದೆಯಡಿ ರಚನೆಯಾದವು. ಜಾರಿಯ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು. ಸುರಕ್ಷತಾ ಅಧಿಕಾರಿಯ ಅರ್ಹತೆಯ ಬಗ್ಗೆ ರಾಜ್ಯಗಳ ನಿಯಮಗಳು ವಿವರಗಳಲ್ಲಿ ಭಿನ್ನವಾಗಿದ್ದರೂ ಅವು ಸಾಮಾನ್ಯವಾಗಿ ಮಾದರಿ ನಿಯಮಗಳ ಚೌಕಟ್ಟನ್ನೇ ಅನುಸರಿಸುತ್ತವೆ. ಆ ಚೌಕಟ್ಟಿನಲ್ಲಿ ಮೂರು ಷರತ್ತುಗಳಿವೆ ಮತ್ತು ಮೂರೂ ಒಟ್ಟಿಗೆ ಪೂರೈಕೆಯಾಗಬೇಕು.

1. ಮೂಲ ಪದವಿ ಮತ್ತು ಅನುಭವ. ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿಯೊಂದಿಗೆ ಕಾರ್ಖಾನೆಯಲ್ಲಿ ಮೇಲ್ವಿಚಾರಕ ಹುದ್ದೆಯಲ್ಲಿ ಕನಿಷ್ಠ 2 ವರ್ಷಗಳ ಅನುಭವ. ಅಥವಾ ಭೌತಶಾಸ್ತ್ರ ಇಲ್ಲವೇ ರಸಾಯನಶಾಸ್ತ್ರದ ಪದವಿ ಅಥವಾ ಎಂಜಿನಿಯರಿಂಗ್ ಡಿಪ್ಲೊಮಾದೊಂದಿಗೆ ಅಂಥದೇ ಹುದ್ದೆಯಲ್ಲಿ ಕನಿಷ್ಠ 5 ವರ್ಷಗಳ ಅನುಭವ.

2. ಸುರಕ್ಷತಾ ಶಿಕ್ಷಣ. ರಾಜ್ಯ ಸರ್ಕಾರದಿಂದ ಮಾನ್ಯತೆ ಪಡೆದ ಕೈಗಾರಿಕಾ ಸುರಕ್ಷತೆಯ ಪದವಿ ಅಥವಾ ಡಿಪ್ಲೊಮಾ.

3. ಭಾಷೆ. ಆ ಪ್ರದೇಶದ ಬಹುಸಂಖ್ಯಾತ ಕಾರ್ಮಿಕರು ಆಡುವ ಭಾಷೆಯ ಸಾಕಷ್ಟು ಜ್ಞಾನ.

ಮೂರನೆಯ ಷರತ್ತು ಹಲವು ಬಾರಿ ಗಮನಕ್ಕೆ ಬಾರದೆ ಹೋಗುತ್ತದೆ. ಅಪಾಯದ ಎಚ್ಚರಿಕೆ ಕಾರ್ಮಿಕರಿಗೆ ಅರ್ಥವಾಗದಿದ್ದರೆ ಉಳಿದ ಅರ್ಹತೆಗಳಿಂದ ಪ್ರಯೋಜನವಿಲ್ಲ ಎಂಬ ತತ್ವ ಇದರ ಹಿಂದಿದೆ. ಕರ್ನಾಟಕದ ಹೆಚ್ಚಿನ ಕಾರ್ಖಾನೆಗಳಲ್ಲಿ ಇದರ ಅರ್ಥ ಕನ್ನಡ ಜ್ಞಾನ. ವಲಸೆ ಕಾರ್ಮಿಕರು ಅಧಿಕವಾಗಿರುವ ಘಟಕಗಳಲ್ಲಿ ಹಿಂದಿ ಮೊದಲಾದ ಭಾಷೆಗಳೂ ಕೆಲಸಕ್ಕೆ ಬೇಕಾಗುತ್ತವೆ.

ಎರಡನೆಯ ಷರತ್ತನ್ನು ಪೂರೈಸುವ ಅರ್ಹತೆಗಳಲ್ಲಿ ಹೆಚ್ಚು ಪ್ರಚಲಿತವಾದುದು ಅಡ್ವಾನ್ಸ್ಡ್ ಡಿಪ್ಲೊಮಾ ಇನ್ ಇಂಡಸ್ಟ್ರಿಯಲ್ ಸೇಫ್ಟಿ, ಸಂಕ್ಷಿಪ್ತವಾಗಿ ಎಡಿಐಎಸ್. ಇದು ಒಂದು ವರ್ಷದ ಶಿಕ್ಷಣಕ್ರಮ. ಕೇಂದ್ರ ಕಾರ್ಮಿಕ ಸಚಿವಾಲಯದಡಿ 1945ರಲ್ಲಿ ಆರಂಭವಾಗಿ, ಮುಂದೆ ಡಿಜಿಎಫ್‌ಎಎಸ್‌ಎಲ್‌ಐ ಎಂದು ಪರಿಚಿತವಾದ ಸಂಸ್ಥೆಯು ಮುಂಬಯಿಯ ಸೆಂಟ್ರಲ್ ಲೇಬರ್ ಇನ್‌ಸ್ಟಿಟ್ಯೂಟ್ ಹಾಗೂ ಪ್ರಾದೇಶಿಕ ಕಾರ್ಮಿಕ ಸಂಸ್ಥೆಗಳ ಮೂಲಕ ಇದನ್ನು ನಡೆಸುತ್ತಾ ಬಂದಿದೆ. ಚೆನ್ನೈ, ಕೋಲ್ಕತ್ತ, ಕಾನ್ಪುರ ಮತ್ತು ಫರೀದಾಬಾದ್‌ಗಳಲ್ಲಿ ಪ್ರಾದೇಶಿಕ ಸಂಸ್ಥೆಗಳಿವೆ. ಹಲವು ರಾಜ್ಯಗಳಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿಗಳ ಅಧೀನದ ಕಾಲೇಜುಗಳೂ ಇಂತಹ ಡಿಪ್ಲೊಮಾ ನೀಡುತ್ತವೆ. ಡಿಪ್ಲೊಮಾದ ಹೆಸರು ಒಂದೇ ಆಗಿದ್ದರೂ ಅದಕ್ಕೆ ಸಂಬಂಧಪಟ್ಟ ರಾಜ್ಯದ ಮಾನ್ಯತೆ ಇದೆಯೇ ಎಂಬುದೇ ನಿರ್ಣಾಯಕ. ಒಂದು ರಾಜ್ಯದಲ್ಲಿ ಪಡೆದ ಡಿಪ್ಲೊಮಾವನ್ನು ಇನ್ನೊಂದು ರಾಜ್ಯದ ಕಾರ್ಖಾನೆ ಇಲಾಖೆ ತಾನಾಗಿಯೇ ಒಪ್ಪುತ್ತದೆ ಎಂದು ಭಾವಿಸಲಾಗದು. ದೂರಶಿಕ್ಷಣದ ಅಥವಾ ಅಂಶಕಾಲಿಕ ಡಿಪ್ಲೊಮಾಗಳ ವಿಷಯದಲ್ಲಿ ಈ ಪರಿಶೀಲನೆ ಇನ್ನಷ್ಟು ಮುಖ್ಯ.

ನಿರ್ಮಾಣ ಕ್ಷೇತ್ರ

ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯ್ದೆ, 1996ರ 38ನೇ ಪ್ರಕರಣವು 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ನಿರ್ಮಾಣ ಸಂಸ್ಥೆಗಳಲ್ಲಿ ಸುರಕ್ಷತಾ ಸಮಿತಿಯನ್ನೂ ಸುರಕ್ಷತಾ ಅಧಿಕಾರಿಯನ್ನೂ ಕಡ್ಡಾಯಗೊಳಿಸಿತು. 1998ರ ಕೇಂದ್ರ ನಿಯಮಗಳಲ್ಲಿನ ಅರ್ಹತೆಗಳು ಕಾರ್ಖಾನೆಗಳ ಅರ್ಹತೆಗಳನ್ನು ಹೋಲುತ್ತವೆ. ಆದರೆ ಇಲ್ಲಿ ಕೇಳುವುದು ನಿರ್ಮಾಣ ಕಾಮಗಾರಿಯ ಮೇಲ್ವಿಚಾರಣೆಯ ಅನುಭವವನ್ನು. ಸುರಕ್ಷತಾ ಡಿಪ್ಲೊಮಾದಲ್ಲಿ ನಿರ್ಮಾಣ ಸುರಕ್ಷತೆಯನ್ನು ಒಂದು ವಿಷಯವಾಗಿ ಓದಿರಬೇಕೆಂಬ ಅಪೇಕ್ಷೆಯೂ ಇದೆ. ಎತ್ತರದಿಂದ ಬೀಳುವುದು, ಅಗೆದ ಗುಂಡಿಯ ಮಣ್ಣು ಕುಸಿಯುವುದು, ಸಾರುವೆ ಮುರಿಯುವುದು, ಕ್ರೇನ್ ಉರುಳುವುದು ಈ ಕ್ಷೇತ್ರದ ಪ್ರಮುಖ ಅಪಾಯಗಳು. ಯಂತ್ರಗಳ ನಡುವಿನ ಅನುಭವ ಮಾತ್ರ ಇರುವವರಿಗೆ ಇವುಗಳ ಪರಿಚಯ ಇರಬೇಕೆಂದಿಲ್ಲ.

ಗಣಿಗಳು

ಗಣಿಗಳ ಕಾಯ್ದೆ, 1952ರ ವ್ಯಾಪ್ತಿಯಲ್ಲಿದ್ದ ಗಣಿಗಳಿಗೆ ಬೇರೆಯೇ ವ್ಯವಸ್ಥೆಯಿದೆ. ಧನಬಾದ್‌ನಲ್ಲಿ ಕೇಂದ್ರ ಕಚೇರಿ ಹೊಂದಿರುವ ಗಣಿ ಸುರಕ್ಷತಾ ಮಹಾನಿರ್ದೇಶನಾಲಯವು ಇವುಗಳ ಮೇಲ್ವಿಚಾರಣೆ ನಡೆಸುತ್ತದೆ. ಗಣಿ ವ್ಯವಸ್ಥಾಪಕ, ಓವರ್‌ಮನ್, ಮೈನಿಂಗ್ ಸರ್ದಾರ್ ಮೊದಲಾದ ಶಾಸನಬದ್ಧ ಹುದ್ದೆಗಳಿಗೆ ಪ್ರತ್ಯೇಕ ಪರೀಕ್ಷೆಗಳ ಮೂಲಕ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಹಟ್ಟಿಯ ಚಿನ್ನದ ಗಣಿಯಲ್ಲಾಗಲಿ, ಬಳ್ಳಾರಿ ಭಾಗದ ಕಬ್ಬಿಣದ ಅದಿರಿನ ಗಣಿಗಳಲ್ಲಾಗಲಿ ಇಂತಹ ಹುದ್ದೆಗಳನ್ನು ಬಯಸುವವರಿಗೆ ಕಾರ್ಖಾನೆಗಳಿಗೆಂದು ರೂಪಿಸಿದ ಸುರಕ್ಷತಾ ಡಿಪ್ಲೊಮಾ ಈ ಪ್ರಮಾಣಪತ್ರಗಳ ಬದಲಿಗೆ ಸಲ್ಲುವುದಿಲ್ಲ.

2020ರ ಸಂಹಿತೆ

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020, ಮೇಲಿನ ಮೂರೂ ಕಾಯ್ದೆಗಳು ಸೇರಿದಂತೆ 13 ಕಾನೂನುಗಳನ್ನು ಒಂದುಗೂಡಿಸಿತು. ಕೇಂದ್ರ ಸರ್ಕಾರವು ಇದನ್ನು ಇತರ ಮೂರು ಕಾರ್ಮಿಕ ಸಂಹಿತೆಗಳೊಂದಿಗೆ 2025ರ ನವೆಂಬರ್ 21ರಿಂದ ಜಾರಿಗೊಳಿಸಿತು. ಸಂಹಿತೆಯ 22ನೇ ಪ್ರಕರಣದಂತೆ ಸುರಕ್ಷತಾ ಅಧಿಕಾರಿಯ ನೇಮಕ ಕಡ್ಡಾಯವಾಗುವ ಕಾರ್ಮಿಕರ ಸಂಖ್ಯೆ ಹೀಗಿದೆ:

• ಸಾಮಾನ್ಯ ಕಾರ್ಖಾನೆ: 500 ಅಥವಾ ಹೆಚ್ಚು
• ಅಪಾಯಕಾರಿ ಪ್ರಕ್ರಿಯೆ ನಡೆಸುವ ಕಾರ್ಖಾನೆ: 250 ಅಥವಾ ಹೆಚ್ಚು
• ಕಟ್ಟಡ ಮತ್ತು ಇತರೆ ನಿರ್ಮಾಣ ಕಾಮಗಾರಿ: 250 ಅಥವಾ ಹೆಚ್ಚು
• ಗಣಿ: 100 ಅಥವಾ ಹೆಚ್ಚು

ಹಿಂದೆ ಸಾಮಾನ್ಯ ಕಾರ್ಖಾನೆಗೆ 1000 ಮತ್ತು ನಿರ್ಮಾಣ ಕ್ಷೇತ್ರಕ್ಕೆ 500 ಇದ್ದ ಮಿತಿ ಇದರಿಂದ ಅರ್ಧಕ್ಕೆ ಇಳಿಯಿತು. ಅಧಿಕಾರಿಯ ಅರ್ಹತೆ ಮತ್ತು ಅನುಭವವನ್ನು ನಿಯಮಗಳ ಮೂಲಕ ನಿಗದಿಪಡಿಸುವ ಅಧಿಕಾರವನ್ನು ಸಂಹಿತೆಯು ಸಂಬಂಧಪಟ್ಟ ಸರ್ಕಾರಕ್ಕೆ ಬಿಟ್ಟಿದೆ. ರದ್ದಾದ ಕಾಯ್ದೆಗಳಡಿಯ ನಿಯಮಗಳು ಸಂಹಿತೆಗೆ ವಿರುದ್ಧವಲ್ಲದ ಮಟ್ಟಿಗೆ ಮುಂದುವರಿಯಲು ಅದರಲ್ಲಿ ಅವಕಾಶವಿದೆ. ಈ ಕಾರಣದಿಂದ ಶಿಕ್ಷಣಕ್ರಮಕ್ಕೆ ಸೇರುವ ಸಮಯದಲ್ಲಿ ತಮ್ಮ ರಾಜ್ಯದಲ್ಲಿ ಯಾವ ನಿಯಮ ಚಾಲ್ತಿಯಲ್ಲಿದೆ ಎಂಬುದನ್ನು ಅಭ್ಯರ್ಥಿಗಳು ಕಾರ್ಖಾನೆ ಇಲಾಖೆಯಿಂದ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ವಿಶ್ವವಿದ್ಯಾಲಯದ ಪದವಿಗಳು ಮತ್ತು ಐಟಿಐ ತರಬೇತಿ

ಸುರಕ್ಷತೆಯನ್ನೇ ಮುಖ್ಯ ವಿಷಯವಾಗಿ ಕಲಿಸುವ ಪದವಿಗಳೂ ಇವೆ. ಕೇರಳದ ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯವು ಸುರಕ್ಷತೆ ಮತ್ತು ಅಗ್ನಿ ಎಂಜಿನಿಯರಿಂಗ್‌ನಲ್ಲಿ ಬಿ.ಟೆಕ್. ಪದವಿಯನ್ನೂ, ತಿರುಚಿರಾಪಳ್ಳಿಯ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯು ಕೈಗಾರಿಕಾ ಸುರಕ್ಷತಾ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಪದವಿಯನ್ನೂ ನೀಡುತ್ತವೆ. ಅಗ್ನಿಶಾಮಕ ಕ್ಷೇತ್ರದಲ್ಲಿ ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜು ಪ್ರಸಿದ್ಧವಾಗಿದೆ. ಪ್ರಕ್ರಿಯಾ ಸುರಕ್ಷತೆ, ವಿನ್ಯಾಸ ಹಂತದ ಅಪಾಯ ವಿಶ್ಲೇಷಣೆ ಮತ್ತು ಸಲಹಾ ಸೇವೆಗಳಲ್ಲಿ ಮುಂದುವರಿಯಲು ಬಯಸುವವರಿಗೆ ಎಂಜಿನಿಯರಿಂಗ್ ಆಧಾರದ ಪದವಿಗಳು ಹೆಚ್ಚು ಉಪಯುಕ್ತ.

ಐಟಿಐಗಳಲ್ಲಿ ಆರೋಗ್ಯ, ಸುರಕ್ಷತೆ ಮತ್ತು ಪರಿಸರ ಎಂಬ ಒಂದು ವರ್ಷದ ವೃತ್ತಿ ತರಬೇತಿ ಇದೆ. ಇದು ಸುರಕ್ಷತಾ ಸಹಾಯಕ ಮುಂತಾದ ಆರಂಭಿಕ ಕೆಲಸಗಳಿಗೆ ದಾರಿಯಾಗಬಲ್ಲದು. ಆದರೆ ಇದರಿಂದ ಮಾತ್ರ ಕಾರ್ಖಾನೆಯ ಶಾಸನಬದ್ಧ ಸುರಕ್ಷತಾ ಅಧಿಕಾರಿಯ ಅರ್ಹತೆ ದೊರೆಯುವುದಿಲ್ಲ.

ಅಂತರರಾಷ್ಟ್ರೀಯ ಪ್ರಮಾಣೀಕರಣಗಳು

ನೆಬಾಷ್

ನೆಬಾಷ್ 1979ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ಪರೀಕ್ಷಾ ಮಂಡಳಿ. ಇದರ ಇಂಟರ್‌ನ್ಯಾಷನಲ್ ಜನರಲ್ ಸರ್ಟಿಫಿಕೇಟ್ ಭಾರತದಲ್ಲಿ ಹೆಚ್ಚು ಪರಿಚಿತ. ಇದಕ್ಕೆ ನಿಗದಿತ ಪದವಿಯ ಅಗತ್ಯವಿಲ್ಲ. ಆದರೆ ಇಂಗ್ಲಿಷಿನಲ್ಲಿ ವಿವರಣಾತ್ಮಕವಾಗಿ ಬರೆಯುವ ಸಾಮರ್ಥ್ಯ ಬೇಕು. ಇದರಲ್ಲಿ ಎರಡು ಘಟಕಗಳಿವೆ. ಮೊದಲನೆಯದು ಸುರಕ್ಷತಾ ನಿರ್ವಹಣೆಯನ್ನು ಕುರಿತ ಸನ್ನಿವೇಶ ಆಧಾರಿತ ಲಿಖಿತ ಪರೀಕ್ಷೆ. ಎರಡನೆಯದರಲ್ಲಿ ಅಭ್ಯರ್ಥಿಯು ಒಂದು ನೈಜ ಕಾರ್ಯಸ್ಥಳದ ಅಪಾಯ ಮೌಲ್ಯಮಾಪನ ಮಾಡಿ ವರದಿ ಸಲ್ಲಿಸಬೇಕು. ಪ್ರಮಾಣಪತ್ರಕ್ಕೆ ಅವಧಿಯ ಮಿತಿ ಇಲ್ಲ. ಇದರ ಮೇಲಿನ ಹಂತ ಇಂಟರ್‌ನ್ಯಾಷನಲ್ ಡಿಪ್ಲೊಮಾ. ಅದು ಅನುಭವಿ ವೃತ್ತಿಪರರಿಗೆ ಉದ್ದೇಶಿತವಾದುದು. ನೆಬಾಷ್ ತಾನೇ ತರಗತಿಗಳನ್ನು ನಡೆಸುವುದಿಲ್ಲ. ಮಾನ್ಯತೆ ಪಡೆದ ಕಲಿಕಾ ಪಾಲುದಾರ ಸಂಸ್ಥೆಗಳು ಬೋಧಿಸುತ್ತವೆ.

ಕೊಲ್ಲಿ ರಾಷ್ಟ್ರಗಳ ತೈಲ, ಅನಿಲ ಹಾಗೂ ನಿರ್ಮಾಣ ಕಂಪನಿಗಳ ಉದ್ಯೋಗ ಪ್ರಕಟಣೆಗಳಲ್ಲಿ ನೆಬಾಷ್ ಹೆಸರು ಆಗಾಗ ಕಾಣಿಸುತ್ತದೆ. ಮಂಗಳೂರು, ಉಡುಪಿ, ಭಟ್ಕಳ ಮೊದಲಾದ ಕಡೆಗಳಿಂದ ಕೊಲ್ಲಿಗೆ ಉದ್ಯೋಗಕ್ಕೆ ತೆರಳುವವರಲ್ಲಿ ಇದರ ಬೇಡಿಕೆಗೆ ಇದೇ ಕಾರಣ. ಆದರೆ ಭಾರತದ ಕಾರ್ಖಾನೆ ನಿಯಮಗಳು ಕೇಳುವ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾದ ಸ್ಥಾನವನ್ನು ಈ ಪ್ರಮಾಣಪತ್ರ ತುಂಬುವುದಿಲ್ಲ.

ಐಒಎಸ್‌ಎಚ್

ಬ್ರಿಟನ್ನಿನ ಇನ್‌ಸ್ಟಿಟ್ಯೂಷನ್ ಆಫ್ ಆಕ್ಯುಪೇಷನಲ್ ಸೇಫ್ಟಿ ಅಂಡ್ ಹೆಲ್ತ್ 1945ರಲ್ಲಿ ಆರಂಭವಾದ ವೃತ್ತಿಪರರ ಸಂಘ. ಇದು ಪ್ರಧಾನವಾಗಿ ಸದಸ್ಯತ್ವ ಸಂಸ್ಥೆ. ಅರ್ಹತೆ, ಅನುಭವ ಹಾಗೂ ನಿರಂತರ ಕಲಿಕೆಯ ಆಧಾರದ ಮೇಲೆ ಸದಸ್ಯರು ಮೇಲಿನ ಶ್ರೇಣಿಗಳಿಗೆ ಏರಬಹುದು. ಚಾರ್ಟರ್ಡ್ ಸದಸ್ಯತ್ವ ಇದರಲ್ಲಿ ಪ್ರತಿಷ್ಠಿತವಾದುದು. ಇದೇ ಸಂಸ್ಥೆಯ ಮ್ಯಾನೇಜಿಂಗ್ ಸೇಫ್ಲಿ ಎಂಬ ಅಲ್ಪಾವಧಿ ತರಬೇತಿಯು ಎಲ್ಲ ವಿಭಾಗಗಳ ವ್ಯವಸ್ಥಾಪಕರಿಗೆ ಉದ್ದೇಶಿತವಾಗಿದೆ. ಅದು ಸುರಕ್ಷತಾ ವೃತ್ತಿಪರರ ಅರ್ಹತೆಯಲ್ಲ.

ಸಿಎಸ್‌ಪಿ

ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಬೋರ್ಡ್ ಆಫ್ ಸರ್ಟಿಫೈಡ್ ಸೇಫ್ಟಿ ಪ್ರೊಫೆಷನಲ್ಸ್ ಸಂಸ್ಥೆಯು ಸರ್ಟಿಫೈಡ್ ಸೇಫ್ಟಿ ಪ್ರೊಫೆಷನಲ್ ಎಂಬ ಪ್ರಮಾಣೀಕರಣವನ್ನು ನೀಡುತ್ತದೆ. ಇದಕ್ಕೆ ಪದವಿ, ಸುರಕ್ಷತಾ ಕೆಲಸವೇ ಪ್ರಧಾನವಾಗಿರುವ ಹುದ್ದೆಯಲ್ಲಿ 4 ವರ್ಷಗಳ ಅನುಭವ ಮತ್ತು ಅಸೋಸಿಯೇಟ್ ಸೇಫ್ಟಿ ಪ್ರೊಫೆಷನಲ್‌ನಂತಹ ಪೂರ್ವ ಅರ್ಹತೆ ಬೇಕು. ಪ್ರಮಾಣೀಕರಣವನ್ನು ಉಳಿಸಿಕೊಳ್ಳಲು ವಾರ್ಷಿಕ ಶುಲ್ಕ ಕಟ್ಟಬೇಕು ಹಾಗೂ ಪ್ರತಿ 5 ವರ್ಷಗಳ ಅವಧಿಯಲ್ಲಿ ನಿರಂತರ ಕಲಿಕೆಯ ಅಂಕಗಳನ್ನು ಗಳಿಸಬೇಕು. ಅಮೆರಿಕದ ಕಂಪನಿಗಳಲ್ಲಿ ಹಾಗೂ ಅವುಗಳ ಯೋಜನೆಗಳಲ್ಲಿ ಇದಕ್ಕೆ ಹೆಚ್ಚಿನ ಬೆಲೆಯಿದೆ.

ವೈದ್ಯರ ಅರ್ಹತೆ ಮತ್ತು ಔದ್ಯೋಗಿಕ ನೈರ್ಮಲ್ಯ

ಅಪಾಯಕಾರಿ ಪ್ರಕ್ರಿಯೆಗಳಿರುವ ಕಾರ್ಖಾನೆಗಳ ವೈದ್ಯಾಧಿಕಾರಿಗಳಿಗೆ ಎಂಬಿಬಿಎಸ್ ಜೊತೆಗೆ ಕೈಗಾರಿಕಾ ಆರೋಗ್ಯದ ತರಬೇತಿ ಬೇಕಾಗುತ್ತದೆ. ಅಸೋಸಿಯೇಟ್ ಫೆಲೋ ಆಫ್ ಇಂಡಸ್ಟ್ರಿಯಲ್ ಹೆಲ್ತ್ ಎಂಬ ಮೂರು ತಿಂಗಳ ಶಿಕ್ಷಣಕ್ರಮ ಇದಕ್ಕಾಗಿಯೇ ಇದೆ. ಸಿಲಿಕೋಸಿಸ್, ಶ್ರವಣದೋಷ, ಸೀಸದ ವಿಷಬಾಧೆ ಮೊದಲಾದ ಔದ್ಯೋಗಿಕ ಕಾಯಿಲೆಗಳನ್ನು ಗುರುತಿಸಲು ರೋಗಿಯ ಕೆಲಸದ ಇತಿಹಾಸವನ್ನು ಕೇಳುವ ಅಭ್ಯಾಸ ಅಗತ್ಯ.

ಗಾಳಿಯಲ್ಲಿನ ಧೂಳು, ದ್ರಾವಕಗಳ ಆವಿ, ಶಬ್ದ, ಶಾಖ ಮುಂತಾದವುಗಳನ್ನು ಅಳೆದು ನಿಯಂತ್ರಿಸುವ ಶಾಸ್ತ್ರಕ್ಕೆ ಔದ್ಯೋಗಿಕ ನೈರ್ಮಲ್ಯ ಎಂದು ಹೆಸರು. ರಸಾಯನಶಾಸ್ತ್ರ ಮತ್ತು ಪರಿಸರ ವಿಜ್ಞಾನದ ಪದವೀಧರರಿಗೆ ಇದು ಸಹಜವಾಗಿ ಹೊಂದುವ ಕ್ಷೇತ್ರ. ಅಮೆರಿಕದ ಸರ್ಟಿಫೈಡ್ ಇಂಡಸ್ಟ್ರಿಯಲ್ ಹೈಜೀನಿಸ್ಟ್ ಇದರಲ್ಲಿ ಉನ್ನತ ಪ್ರಮಾಣೀಕರಣವೆಂದು ಪರಿಗಣಿತವಾಗಿದೆ.

ಸಾಮಾನ್ಯ ಗೊಂದಲಗಳು

ಐಎಸ್‌ಒ 45001. 2018ರ ಮಾರ್ಚ್‌ನಲ್ಲಿ ಪ್ರಕಟವಾದ ಈ ಮಾನದಂಡದ ಪ್ರಮಾಣಪತ್ರ ದೊರೆಯುವುದು ಸಂಸ್ಥೆಗೆ, ವ್ಯಕ್ತಿಗೆ ಅಲ್ಲ. ವ್ಯಕ್ತಿಗಳು ಪಡೆಯುವುದು ಇದರ ಲೆಕ್ಕಪರಿಶೋಧಕ ತರಬೇತಿಯನ್ನು. ಐದು ದಿನಗಳ ಲೀಡ್ ಆಡಿಟರ್ ತರಬೇತಿಯು ನಿರ್ವಹಣಾ ವ್ಯವಸ್ಥೆಯನ್ನು ಪರಿಶೋಧಿಸುವುದನ್ನು ಕಲಿಸುತ್ತದೆಯೇ ಹೊರತು ಸುರಕ್ಷತಾ ಅಧಿಕಾರಿಯ ಅರ್ಹತೆಯನ್ನು ನೀಡುವುದಿಲ್ಲ.

ಓಷಾ 10 ಮತ್ತು 30 ಗಂಟೆಗಳ ಕಾರ್ಡುಗಳು. ಇವು ಅಮೆರಿಕದ ಕಾರ್ಮಿಕ ಇಲಾಖೆಯ ಜಾಗೃತಿ ತರಬೇತಿಗಳು. ಇವು ಪ್ರಮಾಣೀಕರಣವಲ್ಲವೆಂದು ಆ ಸಂಸ್ಥೆಯೇ ಸ್ಪಷ್ಟಪಡಿಸಿದೆ. ಆದರೂ ಕೆಲವು ತರಬೇತಿ ಕೇಂದ್ರಗಳ ಜಾಹೀರಾತುಗಳಲ್ಲಿ ಇವನ್ನು ಓಷಾ ಪ್ರಮಾಣಪತ್ರವೆಂದು ಬಣ್ಣಿಸುವುದುಂಟು.

ಸಮರ್ಥ ವ್ಯಕ್ತಿ. ಕಾರ್ಖಾನೆಗಳ ಕಾಯ್ದೆಯಲ್ಲಿ ಈ ಪದಕ್ಕೆ ವಿಶೇಷ ಅರ್ಥವಿತ್ತು. ಲಿಫ್ಟ್, ಭಾರ ಎತ್ತುವ ಯಂತ್ರ, ಒತ್ತಡದ ಪಾತ್ರೆ ಮೊದಲಾದವುಗಳನ್ನು ಪರೀಕ್ಷಿಸಿ ದೃಢೀಕರಿಸಲು ಮುಖ್ಯ ಕಾರ್ಖಾನೆ ನಿರೀಕ್ಷಕರಿಂದ ಮಾನ್ಯತೆ ಪಡೆದ ವ್ಯಕ್ತಿ ಅಥವಾ ಸಂಸ್ಥೆ ಎಂದು ಇದರ ಅರ್ಥ. ಸುರಕ್ಷತಾ ಅಧಿಕಾರಿಯಾದವರೆಲ್ಲರೂ ಸಮರ್ಥ ವ್ಯಕ್ತಿಗಳಾಗುವುದಿಲ್ಲ.

ಅಗ್ನಿಶಾಮಕ ತರಬೇತಿ. ಹಲವು ಖಾಸಗಿ ಸಂಸ್ಥೆಗಳು ಅಗ್ನಿ ಮತ್ತು ಸುರಕ್ಷತೆ ಎಂಬ ಜಂಟಿ ಹೆಸರಿನಲ್ಲಿ ಅಲ್ಪಾವಧಿ ಡಿಪ್ಲೊಮಾಗಳನ್ನು ನೀಡುತ್ತವೆ. ಹೆಸರಿನಲ್ಲಿ ಸುರಕ್ಷತೆ ಎಂಬ ಪದವಿರುವುದರಿಂದಷ್ಟೇ ಅವು ರಾಜ್ಯ ಸರ್ಕಾರದ ಮಾನ್ಯತೆ ಪಡೆದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾಗಳಾಗುವುದಿಲ್ಲ.

ಆಯ್ಕೆಯ ಮಾನದಂಡಗಳು

ಅರ್ಹತೆಯ ಆಯ್ಕೆಯಲ್ಲಿ ಮೊದಲು ಗುರಿಯ ಹುದ್ದೆಯನ್ನು ನಿರ್ಧರಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುವ ಕ್ರಮ ಹೆಚ್ಚು ಉಪಯುಕ್ತ. ಪ್ರಮಾಣಪತ್ರವನ್ನು ಮೊದಲು ಪಡೆದು ನಂತರ ಹುದ್ದೆ ಹುಡುಕುವವರಿಗೆ, ತಮ್ಮ ಮೂಲ ಪದವಿಯೇ ನಿಯಮಕ್ಕೆ ಹೊಂದುವುದಿಲ್ಲವೆಂಬ ಸಂಗತಿ ಶುಲ್ಕವನ್ನೂ ಒಂದು ವರ್ಷವನ್ನೂ ಕಳೆದ ಮೇಲೆ ತಿಳಿಯುವ ಸಾಧ್ಯತೆಯಿದೆ. ಪರಿಶೀಲಿಸಬೇಕಾದ ಮುಖ್ಯ ಅಂಶಗಳು ಇವು:

• ಗುರಿಯ ಹುದ್ದೆ ಶಾಸನಬದ್ಧವೇ, ಅಲ್ಲವೇ. ಶಾಸನಬದ್ಧವಾದರೆ ಯಾವ ರಾಜ್ಯದ ಯಾವ ನಿಯಮ ಅನ್ವಯಿಸುತ್ತದೆ.
• ಅಭ್ಯರ್ಥಿಯ ಮೂಲ ಪದವಿ ಆ ನಿಯಮದ ಪಟ್ಟಿಯಲ್ಲಿದೆಯೇ.
• ಅಗತ್ಯವಾದ ಮೇಲ್ವಿಚಾರಕ ಅನುಭವ ಎಷ್ಟು. ಅದನ್ನು ದಾಖಲೆಗಳ ಮೂಲಕ ತೋರಿಸಲು ಸಾಧ್ಯವೇ.
• ಡಿಪ್ಲೊಮಾ ನೀಡುವ ಸಂಸ್ಥೆಗೆ ಮಾನ್ಯತೆ ನೀಡಿದವರು ಯಾರು; ಮಾನ್ಯತೆಯ ಆದೇಶ ಲಭ್ಯವಿದೆಯೇ.
• ಪ್ರಮಾಣಪತ್ರಕ್ಕೆ ನವೀಕರಣ ಬೇಕೇ. ಬೇಕಾದರೆ ಅದರ ಖರ್ಚು ಎಷ್ಟು.

ಈ ಮಾನದಂಡಗಳನ್ನು ಕೆಲವು ಸಾಮಾನ್ಯ ಸನ್ನಿವೇಶಗಳಿಗೆ ಹೀಗೆ ಅನ್ವಯಿಸಬಹುದು.

ಮೆಕ್ಯಾನಿಕಲ್ ಡಿಪ್ಲೊಮಾ ಪಡೆದು ಕಾರ್ಖಾನೆಯೊಂದರಲ್ಲಿ ಪಾಳಿ ಮೇಲ್ವಿಚಾರಕರಾಗಿರುವವರು 5 ವರ್ಷಗಳ ಅನುಭವ ಪೂರೈಸಿದರೆ, ಮಾನ್ಯತೆ ಪಡೆದ ಸುರಕ್ಷತಾ ಡಿಪ್ಲೊಮಾದ ಮೂಲಕ ಶಾಸನಬದ್ಧ ಹುದ್ದೆಗೆ ಅರ್ಹರಾಗಬಹುದು. ಇವರಿಗೆ ಎಡಿಐಎಸ್ ಮೊದಲ ಆಯ್ಕೆಯಾಗುತ್ತದೆ.

ಆಗಷ್ಟೇ ತೇರ್ಗಡೆಯಾದ ಎಂಜಿನಿಯರಿಂಗ್ ಪದವೀಧರರು ಸುರಕ್ಷತಾ ಡಿಪ್ಲೊಮಾ ಪಡೆದರೂ 2 ವರ್ಷಗಳ ಮೇಲ್ವಿಚಾರಕ ಅನುಭವವಿಲ್ಲದೆ ಶಾಸನಬದ್ಧ ಅಧಿಕಾರಿಯಾಗಲಾರರು. ಉತ್ಪಾದನೆ ಅಥವಾ ನಿರ್ವಹಣಾ ವಿಭಾಗದಲ್ಲಿ ಕೆಲಸ ಆರಂಭಿಸುವುದು ಇವರಿಗೆ ಎರಡು ರೀತಿಯಲ್ಲಿ ಅನುಕೂಲ: ಅನುಭವದ ಷರತ್ತು ಪೂರೈಕೆಯಾಗುತ್ತದೆ, ಯಂತ್ರಗಳ ಮತ್ತು ಕೆಲಸಗಾರರ ನೇರ ಪರಿಚಯವೂ ಆಗುತ್ತದೆ.

ಬಿ.ಎಸ್ಸಿ. ಪದವೀಧರರು ತಮ್ಮ ಪದವಿಯಲ್ಲಿ ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರ ಇತ್ತೇ ಎಂಬುದನ್ನು ನೋಡಬೇಕಾಗುತ್ತದೆ. ಕಲಾ ಅಥವಾ ವಾಣಿಜ್ಯ ಪದವೀಧರರಿಗೆ ಮೇಲಿನ ಚೌಕಟ್ಟಿನಲ್ಲಿ ಕಾರ್ಖಾನೆಯ ಶಾಸನಬದ್ಧ ಹುದ್ದೆಗೆ ದಾರಿಯಿಲ್ಲ. ಇವರಿಗೆ ತರಬೇತಿ, ದಾಖಲಾತಿ, ಸುರಕ್ಷತಾ ಸಂಯೋಜನೆ ಮೊದಲಾದ ಕೆಲಸಗಳೂ, ಪದವಿಯ ವಿಷಯವನ್ನು ನಿರ್ಬಂಧಿಸದ ಅಂತರರಾಷ್ಟ್ರೀಯ ಪ್ರಮಾಣಪತ್ರಗಳೂ ಲಭ್ಯ.

ವಿದೇಶದಲ್ಲಿ ಉದ್ಯೋಗ ಬಯಸುವವರಿಗೆ ನೆಬಾಷ್ ಅಥವಾ ಸಿಎಸ್‌ಪಿ ಉಪಯುಕ್ತವಾದರೂ, ಮುಂದೆ ತಾಯ್ನಾಡಿಗೆ ಮರಳಿ ಕಾರ್ಖಾನೆಯಲ್ಲಿ ಸುರಕ್ಷತಾ ಅಧಿಕಾರಿಯಾಗಬೇಕಾದರೆ ರಾಜ್ಯದ ಮಾನ್ಯತೆ ಇರುವ ಡಿಪ್ಲೊಮಾ ಬೇಕಾಗುತ್ತದೆ.

ಮಿತಿಗಳು

ಪ್ರಮಾಣಪತ್ರವು ಜ್ಞಾನದ ಒಂದು ಅಳತೆ ಮಾತ್ರ. ಸುರಕ್ಷತಾ ಶಾಸ್ತ್ರದಲ್ಲಿ ಒಪ್ಪಿತವಾಗಿರುವ ನಿಯಂತ್ರಣ ಕ್ರಮಗಳ ಶ್ರೇಣಿಯಲ್ಲಿ ಅಪಾಯವನ್ನೇ ನಿವಾರಿಸುವುದು ಮೊದಲನೆಯದು. ಅನಂತರ ಕ್ರಮವಾಗಿ ಕಡಿಮೆ ಅಪಾಯದ ವಸ್ತು ಅಥವಾ ವಿಧಾನವನ್ನು ಬಳಸುವುದು, ಎಂಜಿನಿಯರಿಂಗ್ ನಿಯಂತ್ರಣ, ಆಡಳಿತಾತ್ಮಕ ಕ್ರಮಗಳು ಬರುತ್ತವೆ. ಹೆಲ್ಮೆಟ್, ಕೈಗವಸು ಮುಂತಾದ ವೈಯಕ್ತಿಕ ರಕ್ಷಣಾ ಸಾಧನಗಳಿಗೆ ಕೊನೆಯ ಸ್ಥಾನ. ಎಲ್ಲ ಶಿಕ್ಷಣಕ್ರಮಗಳೂ ಈ ಶ್ರೇಣಿಯನ್ನು ಬೋಧಿಸುತ್ತವೆ. ಆದರೆ ಮೊದಲ ಹಂತಗಳಿಗೆ ಬಂಡವಾಳವೂ ಆಡಳಿತದ ಒಪ್ಪಿಗೆಯೂ ಬೇಕಾಗಿರುವುದರಿಂದ, ಸಲಹೆ ನೀಡುವ ಅಧಿಕಾರವಷ್ಟೇ ಇರುವ ಅಧಿಕಾರಿಯ ಕೆಲಸ ಕೊನೆಯ ಹಂತಕ್ಕೇ ಸೀಮಿತಗೊಳ್ಳುವ ಅಪಾಯವಿರುತ್ತದೆ.

ಕಡ್ಡಾಯ ನೇಮಕವು ಕಾರ್ಮಿಕರ ಸಂಖ್ಯೆಯನ್ನು ಅವಲಂಬಿಸಿರುವುದು ಇನ್ನೊಂದು ಮಿತಿ. ಮಿತಿಗಿಂತ ಕಡಿಮೆ ಕಾರ್ಮಿಕರಿರುವ ಸಣ್ಣ ಘಟಕಗಳಲ್ಲಿ ಪ್ರೆಸ್ ಯಂತ್ರ, ಬೆಸುಗೆ, ರಾಸಾಯನಿಕ ಲೇಪನ ಮುಂತಾದ ಅಪಾಯದ ಕೆಲಸಗಳಿದ್ದರೂ ಅರ್ಹ ಸುರಕ್ಷತಾ ಅಧಿಕಾರಿ ಇರಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇರುವುದಿಲ್ಲ. 1966ರ ಮಾರ್ಚ್ 4ರಂದು ಸ್ಥಾಪನೆಯಾದ ರಾಷ್ಟ್ರೀಯ ಸುರಕ್ಷತಾ ಮಂಡಳಿಯೂ ರಾಜ್ಯಗಳ ಕಾರ್ಖಾನೆ ಇಲಾಖೆಗಳೂ ಮೇಲ್ವಿಚಾರಕರಿಗೆ ಮತ್ತು ಕಾರ್ಮಿಕರಿಗೆ ಅಲ್ಪಾವಧಿ ತರಬೇತಿಗಳನ್ನು ನಡೆಸುತ್ತವೆ. ಇವು ಹುದ್ದೆಯ ಅರ್ಹತೆಯನ್ನು ನೀಡುವುದಿಲ್ಲ. ಆದರೆ ಸುರಕ್ಷತಾ ಅಧಿಕಾರಿಯೇ ಇಲ್ಲದ ಘಟಕಗಳಲ್ಲಿ ಅಪಾಯವನ್ನು ಗುರುತಿಸಬಲ್ಲವರು ಇಂತಹ ತರಬೇತಿ ಪಡೆದ ಮೇಲ್ವಿಚಾರಕರು ಮತ್ತು ಕಾರ್ಮಿಕರೇ ಆಗಿರುತ್ತಾರೆ.

ಇವನ್ನೂ ನೋಡಿ

• ಕಾರ್ಖಾನೆಗಳ ಕಾಯ್ದೆ, 1948
• ಭೋಪಾಲ್ ಅನಿಲ ದುರಂತ
• ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ
• ಔದ್ಯೋಗಿಕ ಕಾಯಿಲೆಗಳು
• ವೈಯಕ್ತಿಕ ರಕ್ಷಣಾ ಸಾಧನಗಳು